ಟಿಪ್ಪಣಿಯಿಲ್ಲದ ಗ್ರಂಥ

1804ರಲ್ಲಿ ಲಂಡನ್ನಿನಲ್ಲಿ ಶುರುವಾದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಹುಟ್ಟುವಾಗಲೇ ತನಗೊಂದು ಕಟ್ಟುಪಾಡು ಹಾಕಿಕೊಂಡಿತು. ಅದು ಹಂಚುವ ಬೈಬಲ್ಲಿನಲ್ಲಿ ಪಠ್ಯ ಮಾತ್ರ ಇರಬೇಕು. ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಕೂಡದು. ಆಂಗ್ಲಿಕನ್ನರು, ಬ್ಯಾಪ್ಟಿಸ್ಟರು, ಮೆಥಡಿಸ್ಟರು, ಕಾಂಗ್ರಿಗೇಶನಲ್ ಪಂಥದವರು ಒಟ್ಟಿಗೆ ಕೂತು ಹಣ ಕೂಡಿಸಬೇಕಾಗಿದ್ದ ಸಂಸ್ಥೆ ಅದು. ಒಂದು ಅಡಿಟಿಪ್ಪಣಿ ಸಾಕಿತ್ತು, ಜಗಳ ಹತ್ತಿಕೊಳ್ಳಲು. ಲಂಡನ್ನಿನ ಈ ರಾಜಿಸೂತ್ರ ಕನ್ನಡದಲ್ಲಿ ಏನು ಮಾಡಿತು ಎಂಬುದನ್ನು ನಾನು ನನ್ನ ಸಂಶೋಧನೆಯ ಒಂದು ಅಧ್ಯಾಯದಲ್ಲಿ ಹಿಡಿಯಲು ಪ್ರಯತ್ನಿಸುತ್ತಿದ್ದೇನೆ.

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದದ್ದು 1831ರಲ್ಲಿ. ನಡುವಿನ 21 ವರ್ಷಗಳಲ್ಲಿ ಅವರ ಸಂಗಡಿಗ ವಿಲಿಯಂ ರೀವ್ ನಿಘಂಟನ್ನೂ ಕಟ್ಟಬೇಕಾಯಿತು. ಇಂಗ್ಲಿಷ್-ಕನ್ನಡ ಭಾಗ 1824ರಲ್ಲಿ, ಕನ್ನಡ-ಇಂಗ್ಲಿಷ್ ಭಾಗ 1832ರಲ್ಲಿ ಬಂತು. ಮುಂದೆ ಪರಿಷ್ಕರಣೆಯ ಕೆಲಸ ಮಂಗಳೂರಿನ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರ ಕೈಗೆ ಹೋಯಿತು. (ಶಾಸನಗಳ ಬಿ. ಎಲ್. ರೈಸ್ ಇವರ ಮಗ. ಇನ್ನೊಬ್ಬ ಮಗ ಎಡ್ವರ್ಡ್ ರೈಸ್ ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯ ಚರಿತ್ರೆ ಬರೆದರು. ಒಂದೇ ಮನೆಯಿಂದ ನಮಗೆ ಬಂದದ್ದು ಸ್ವಲ್ಪವಲ್ಲ.) ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ಬೇರೆಯವರು ಮುಂದುವರಿಸಿದರು. ಅನುವಾದಕ್ಕೆ ಹೀಗೆ ಕೈಯಿಂದ ಕೈಗೆ ದಾಟುವ ಒಂದು ವ್ಯವಸ್ಥೆ ಇತ್ತು: ಸಮಿತಿ, ಹಣ, ಮುದ್ರಣಾಲಯ. ಬೈಬಲ್ ಸೊಸೈಟಿಯ ಹಣದಲ್ಲಿ ವ್ಯಾಖ್ಯಾನಕ್ಕೆ ಮಾತ್ರ ಪಾಲಿರಲಿಲ್ಲ.

ಟಿಪ್ಪಣಿಯ ರುಚಿ ಗೊತ್ತಿಲ್ಲದವರೇನೂ ಆಗಿರಲಿಲ್ಲ ಇವರು. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಪ್ರೆಸ್ ಒಂದು ಭಗವದ್ಗೀತೆಯನ್ನು ಹೊರತಂದಿತು. ಸಂಪಾದಕರು ಜಾನ್ ಗ್ಯಾರೆಟ್ ಎಂಬ ಪಾದ್ರಿ. ಸಂಸ್ಕೃತ, ಕನ್ನಡ, ಇಂಗ್ಲಿಷ್ ಅಕ್ಕಪಕ್ಕದ ಅಂಕಣಗಳಲ್ಲಿವೆ. ಚಾರ್ಲ್ಸ್ ವಿಲ್ಕಿನ್ಸ್‌ನ ಮುನ್ನುಡಿ ಮತ್ತು ಟಿಪ್ಪಣಿಗಳಿವೆ, ವಾರನ್ ಹೇಸ್ಟಿಂಗ್ಸ್‌ನ ಪ್ರಸ್ತಾವನೆಯಿದೆ. ಕೊನೆಗೆ ಗೀತೆಯ ತತ್ವ ಮತ್ತು ಕಾವ್ಯವನ್ನು ಕುರಿತ ಹಂಬೋಲ್ಟ್‌ನ ಜರ್ಮನ್ ಪ್ರಬಂಧದ ಇಂಗ್ಲಿಷ್ ಅನುವಾದವೂ ಇದೆ. ಅನುವಾದಿಸಿದವರು ಮತ್ತಾರೂ ಅಲ್ಲ, ಅದೇ ವೈಗ್ಲೆ. 1872ರಲ್ಲಿ ಕಿಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದಾಗ ಬರೀ ಸೂತ್ರಗಳನ್ನು ಕೊಡಲಿಲ್ಲ, ನಿಷ್ಠೂರ ಸಂಜಯ್ಯನ ವ್ಯಾಖ್ಯಾನವನ್ನೂ ಸೇರಿಸಿದರು. ಅಂದರೆ ಗೀತೆಗೆ ಟಿಪ್ಪಣಿ ಬಂತು, ವ್ಯಾಕರಣಕ್ಕೆ ಟೀಕೆ ಬಂತು. ಇದೇ ಪಾದ್ರಿಗಳು ಯಾವುದಕ್ಕಾಗಿ ಕಡಲು ದಾಟಿ ಬಂದಿದ್ದರೋ ಆ ಗ್ರಂಥ ಮಾತ್ರ ಕನ್ನಡಿಗನ ಕೈಗೆ ಬರಿದಾಗಿ ಬಂತು.

ಬರಿದಾಗಿ ಎಂದರೂ ಪೂರ್ತಿ ನಿಜವಲ್ಲ. ಅಡಿಯಲ್ಲಿ ಬರೆಯುವಂತಿಲ್ಲದ್ದು ಪದಗಳ ಒಳಗೆ ಸೇರಿಕೊಂಡಿತು. 'ಸತ್ಯವೇದ' ಎಂಬ ಹೆಸರನ್ನೇ ನೋಡಿ. ವೇದವೆಂಬ ಮಾತನ್ನು ತೆಗೆದುಕೊಂಡು ಅದರ ಮುಂದೆ ಸತ್ಯವನ್ನು ಕೂರಿಸಿದ ಕೂಡಲೇ ಒಂದು ವಾದ ಹೂಡಿದಂತಾಯಿತು. 'ದೀಕ್ಷಾಸ್ನಾನ' ಇನ್ನೂ ಸ್ವಾರಸ್ಯಕರ. ಇದೇ ಒಂದು ಕ್ರಿಯೆಯನ್ನು ಹೇಗೆ ಅನುವಾದಿಸಬೇಕೆಂದು 1830ರ ದಶಕದಲ್ಲಿ ಬಂಗಾಳಿ ಬೈಬಲ್ಲಿನ ಸುತ್ತ ದೊಡ್ಡ ಜಗಳವಾಯಿತು. ಮುಳುಗಿಸುವುದು ಎಂಬ ಅರ್ಥವನ್ನೇ ಹಾಕಬೇಕೆಂದು ಬ್ಯಾಪ್ಟಿಸ್ಟರು ಹಟ ಹಿಡಿದರು, ಸೊಸೈಟಿ ಅದಕ್ಕೆ ನೆರವು ಕೊಡಲೊಪ್ಪಲಿಲ್ಲ. ಕನ್ನಡದಲ್ಲಿ ನೆಲೆನಿಂತ ಮಾತಿನಲ್ಲಿ ನೀರೂ ಇದೆ, ದೀಕ್ಷೆಯೂ ಇದೆ. ದೀಕ್ಷೆಯ ಹಿಂದೆ ನಮ್ಮ ಶೈವರ, ಜೈನರ ಶತಮಾನಗಳ ನೆನಪಿದೆ. 'ಸರ್ವಾಂಗಹೋಮ' ಎಂದು ಓದಿದವನಿಗೆ ಕಣ್ಣ ಮುಂದೆ ಬರುವುದು ಯಾವ ಅಗ್ನಿಕುಂಡ? ಯೋಹಾನನ ಸುವಾರ್ತೆಯ ಆರಂಭದಲ್ಲಿ ಗ್ರೀಕಿನ 'ಲೋಗೋಸ್' ಕನ್ನಡದಲ್ಲಿ 'ವಾಕ್ಯ'ವಾಗಿದೆ. ಇಂದಿನ ವಿದ್ಯಾರ್ಥಿಗೆ ವಾಕ್ಯವೆಂದರೆ ಕರ್ತೃ, ಕರ್ಮ, ಕ್ರಿಯಾಪದ. ಇಲ್ಲಿ ವ್ಯಾಖ್ಯಾನ ಬೇಕಾಗುವುದು ಅಲಂಕಾರಕ್ಕಲ್ಲ.

ಕನ್ನಡ ನಾಡಿಗೆ ದೀರ್ಘ ವ್ಯಾಖ್ಯಾನ ಹೊಸದೂ ಅಲ್ಲ. ತುಂಬಲೂರಾಚಾರ್ಯರ 'ಚೂಡಾಮಣಿ' 96 ಸಾವಿರ ಗ್ರಂಥ ಪ್ರಮಾಣದ ಕನ್ನಡ ವ್ಯಾಖ್ಯಾನವಾಗಿತ್ತೆಂದು 1604ರಲ್ಲಿ ಭಟ್ಟಾಕಳಂಕ ಬರೆದ. ಅದು ಇಂದು ನಮಗಿಲ್ಲ. ಉಳಿದದ್ದರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು 'ಜಯಧವಳ'. ಪ್ರಾಕೃತ, ಸಂಸ್ಕೃತ ಬೆರೆತ ಆ ಜೈನ ವ್ಯಾಖ್ಯಾನವನ್ನು ಸುಮಾರು 20 ಸಾವಿರ ಶ್ಲೋಕ ಪ್ರಮಾಣದಷ್ಟು ಬರೆದು ವೀರಸೇನರು ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನೂ 40 ಸಾವಿರ ಬರೆದು 837ರಲ್ಲಿ ಮುಗಿಸಿದರು. ಅದನ್ನು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಕಾಪಾಡಿದ್ದು ಮೂಡಬಿದಿರೆ. ಇಂಗ್ಲೆಂಡಿನ ಮ್ಯಾಥ್ಯೂ ಹೆನ್ರಿಯ ಕತೆಯೂ ಇದೇ. 1704ರ ನವೆಂಬರಿನಲ್ಲಿ ಇಡೀ ಬೈಬಲ್ಲಿಗೆ ವ್ಯಾಖ್ಯಾನ ಬರೆಯಲು ಕೂತವನು ಹತ್ತು ವರ್ಷದಲ್ಲಿ ಅಪೊಸ್ತಲರ ಕೃತ್ಯಗಳವರೆಗೆ ಬಂದು ಸತ್ತ. ಉಳಿದ ಪತ್ರಿಕೆಗಳನ್ನೂ ಪ್ರಕಟನೆಯನ್ನೂ ಅವನ ಜೊತೆಯ ಪಾದ್ರಿಗಳು ಹಂಚಿಕೊಂಡು ಮುಗಿಸಿದರು. ಬಿಟ್ಟ ಕಡೆಯಿಂದ ಎತ್ತಿಕೊಳ್ಳುವವರು ಇದ್ದುದರಿಂದಲೇ ಈ ಎರಡೂ ಇಂದು ಓದಲು ಸಿಗುತ್ತಿವೆ.

ಕನ್ನಡದಲ್ಲಿ ಆ ಸಾಲು ಯಾಕೆ ಬೆಳೆಯಲಿಲ್ಲ? ಲಂಡನ್ನಿನ ನಿಯಮವೊಂದನ್ನೇ ದೂರಿದರೆ ಅರ್ಧ ಉತ್ತರ ಆಗುತ್ತದೆ. ಅದು ಕಾಲಕ್ರಮದಲ್ಲಿ ಸಡಿಲವಾಯಿತು. ಉಳಿದರ್ಧ ನಮ್ಮ ಊರಿನಲ್ಲೇ ಇದೆ. 1910ರಲ್ಲಿ ದಂಡು ಪ್ರದೇಶದಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಶುರುವಾಯಿತು. ದಕ್ಷಿಣದ ಎಲ್ಲ ಭಾಷೆಗಳ ಹುಡುಗರು ಕೂಡುವ ಕಡೆ ಪಾಠ ಇಂಗ್ಲಿಷಿನಲ್ಲಿ ನಡೆಯುವುದು ಸಹಜವೇ. ಆದರೆ ಗ್ರೀಕ್, ಹೀಬ್ರೂ ಕಲಿತ ಕನ್ನಡಿಗನ ಬರವಣಿಗೆಯೂ ಇಂಗ್ಲಿಷಿಗೇ ಹೋಯಿತು. ದಕ್ಷಿಣ ಏಷ್ಯಾದ ವಿದ್ವಾಂಸರು ಸೇರಿ ಬರೆದ ಒಂದು ಸಂಪುಟದ 'ಸೌತ್ ಏಷ್ಯಾ ಬೈಬಲ್ ಕಾಮೆಂಟರಿ' 2015ರಲ್ಲಿ ಬಂದಾಗ ಅದೂ ಇಂಗ್ಲಿಷಿನಲ್ಲೇ ಇತ್ತು. ಕನ್ನಡ ಸಭೆಗೆ ಉಳಿದದ್ದು ಭಾನುವಾರದ ಪ್ರಸಂಗ, ಬಿಡಿ ಪುಸ್ತಿಕೆ, ಉಪದೇಶಿಗಳ ಕೈಬರಹದ ನೋಟ್ಸು. ಸಂಶೋಧಕಿಯಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆ ನೋಟ್ಸೇ. ಅದನ್ನೇ ಮನೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಹಾಕುತ್ತಾರೆ.

ಇಂದಿರಾನಗರದಲ್ಲಿ ನಾನಿರುವ ಅಡ್ಡರಸ್ತೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಹದಿನೆಂಟು ವರ್ಷಗಳಿಂದ ಬೈಬಲ್ಲಿಗೆ ಕನ್ನಡದಲ್ಲಿ ವ್ಯಾಖ್ಯಾನ ಬರೆಯುತ್ತಿದ್ದಾರೆ. ಮೇಜಿನ ಮೇಲೆ ಕಿಟೆಲ್ ನಿಘಂಟು, ಎರಡು ಅನುವಾದಗಳು, ಒಂದು ಭೂತಗನ್ನಡಿ. ಇನ್ನೂರು ಪುಟದ ನೋಟ್‌ಬುಕ್ಕುಗಳು ಈಗ ಅರವತ್ತು ದಾಟಿವೆ. ಅವರ ಓದುಗರು ಯಾರೆಂದು ಕೇಳಿದೆ. ಹಲಸೂರಿನ ಕಡೆಯಿಂದ ಬರುವ ಮೂವರು, ಕೆ.ಆರ್. ಪುರದ ಒಬ್ಬ ಆಟೋ ಚಾಲಕ, ಮತ್ತೆ ನೀನು ಎಂದರು. ಅವರ ವ್ಯಾಖ್ಯಾನದ ಎಲ್ಲ ತೀರ್ಮಾನಗಳೂ ನನಗೆ ಒಪ್ಪಿಗೆಯಿಲ್ಲ. ಕೆಲವು ಕಡೆ ಅವರು ಪ್ರಸಂಗಕ್ಕೆ ಇಳಿದುಬಿಡುತ್ತಾರೆ. ಆದರೆ 'ಹೋಮ'ದ ಬಗ್ಗೆ ಅವರು ಬರೆದ ಹನ್ನೊಂದು ಪುಟಗಳಷ್ಟು ನೇರವಾಗಿ ಕನ್ನಡ ಓದುಗನ ಗೊಂದಲವನ್ನು ಎದುರಿಸಿದ ಬರಹ ನನ್ನ ಓದಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಈ ವರ್ಷದಿಂದ ವಾರಕ್ಕೆರಡು ಸಂಜೆ ಆ ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡುತ್ತಿದ್ದೇನೆ, ಹದಿನಾಲ್ಕು ಮುಗಿದಿವೆ.

ಅವರಿಗೀಗ ಎಪ್ಪತ್ತೊಂಬತ್ತು. ಬರವಣಿಗೆ ಯೆರೆಮೀಯನ 31ನೆಯ ಅಧ್ಯಾಯಕ್ಕೆ ಬಂದಿದೆ. 'ಒಡಂಬಡಿಕೆ' ಎಂಬ ಒಂದು ಪದದ ಮೇಲೆ ಎರಡು ವಾರದಿಂದ ಕೂತಿದ್ದಾರೆ. ಒಪ್ಪಂದ ಎಂದರೆ ಬಾಡಿಗೆ ಮನೆಯ ಕರಾರುಪತ್ರದಂತೆ ಕೇಳುತ್ತದೆ, ಒಡಂಬಡಿಕೆ ಎಂದರೆ ಯಾರಿಗೂ ಏನೂ ಕೇಳಿಸುವುದಿಲ್ಲ ಎನ್ನುತ್ತಾರೆ. ಹಳೆಯ ಶಾಸನಗಳಲ್ಲಿ ಈ ಮಾತು ಎಲ್ಲೆಲ್ಲಿ, ಯಾವ ಅರ್ಥದಲ್ಲಿ ಬಂದಿದೆಯೆಂದು ಹುಡುಕಿಕೊಡು ಎಂದು ನನಗೆ ಒಪ್ಪಿಸಿದ್ದಾರೆ. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತೆಗೆದಿಟ್ಟುಕೊಂಡಿದ್ದೇನೆ, ಕೋಲಾರ ಜಿಲ್ಲೆಯಿಂದ ಶುರು.