ಬೆಂಗಳೂರು ಬ್ಲೂ: ನಮ್ಮ ಬೀಜದ ದ್ರಾಕ್ಷಿಗೆ ಒಂದು ದ್ವೀಪದ ನಂಟು

ಇವತ್ತಿನ ಎಪಿಸೋಡ್ ಶುರುವಾಗೋದು ಚಾಮರಾಜಪೇಟೆಯ ನಮ್ಮ ಅಡುಗೆಮನೆಯಲ್ಲಿ. ಭಾನುವಾರ ಮಧ್ಯಾಹ್ನ. ಅಮ್ಮ ಊರಲ್ಲಿ ಇರಲಿಲ್ಲ, ಅದಕ್ಕೇ ಸ್ವಲ್ಪ ಧೈರ್ಯ. ಎರಡು ಸ್ಟೀಲ್ ಲೋಟದಲ್ಲಿ ಎರಡು ವೈನ್ ಹಾಕಿ ಅಜ್ಜಿ ಮುಂದೆ ಇಟ್ಟೆ. "ಕುಡೀಬೇಡ ಅಜ್ಜಿ, ಬರೀ ಮೂಸಿ ನೋಡು" ಅಂದೆ.

ಅಜ್ಜಿ ಕನ್ನಡಕ ತೆಗೆದಿಟ್ಟು (ಮೂಸೋಕೆ ಕನ್ನಡಕ ಯಾಕೆ ತೆಗೀಬೇಕೋ ಗೊತ್ತಿಲ್ಲ) ಒಂದಾದ ಮೇಲೆ ಒಂದು ಮೂಸಿದರು. "ಎರಡೂ ಒಂದೇ ಅಲ್ವೇನೋ? ಮಾರ್ಕೆಟ್ಟಿನ ಬೀಜದ ದ್ರಾಕ್ಷಿ ವಾಸನೆ."

ಒಂದು ಲೋಟದಲ್ಲಿದ್ದದ್ದು ಇಲ್ಲೇ ಅಂಗಡಿಯಲ್ಲಿ ಸಿಗೋ ಅಗ್ಗದ ಸಿಹಿ ವೈನ್. ಇನ್ನೊಂದು ನಮ್ಮ ದೊಡ್ಡಮ್ಮನ ಮಗಳು ಸೂಟ್‌ಕೇಸಲ್ಲಿ ಟವೆಲ್ ಸುತ್ತಿ ತಂದದ್ದು. ಅಕ್ಕ ಲಿಸ್ಬನ್‌ನಲ್ಲಿ ಕೆಲಸ ಮಾಡ್ತಾಳೆ. ರಜೆಗೆ ಅಝೋರ್ಸ್‌ಗೆ ಹೋಗಿದ್ದಳು. ಅಟ್ಲಾಂಟಿಕ್ ಸಾಗರದ ನಡುವೆ, ಲಿಸ್ಬನ್‌ನಿಂದ ಸುಮಾರು 1,400 ಕಿಲೋಮೀಟರ್ ದೂರದಲ್ಲಿರೋ ಒಂಬತ್ತು ದ್ವೀಪಗಳು ಅವು, ಪೋರ್ಚುಗಲ್‌ಗೆ ಸೇರಿದ್ದು. ಅಲ್ಲಿನವರು ಈ ವೈನಿಗೆ 'ವೀನ್ಯು ದ ಶೇರು' ಅಂತಾರೆ. ಕನ್ನಡದಲ್ಲಿ ಹೇಳೋದಾದರೆ 'ಘಮದ ವೈನ್'.

ಅಜ್ಜಿ ಮೂಗಿಗೆ ನಾನು ಮಾರ್ಕ್ಸ್ ಕೊಡಲೇಬೇಕು. ಯಾಕಂದ್ರೆ ಎರಡೂ ಒಂದೇ ದ್ರಾಕ್ಷಿ. ಪ್ರಪಂಚ ಅದನ್ನ 'ಇಸಾಬೆಲ್ಲಾ' ಅನ್ನುತ್ತೆ, ನಾವು 'ಬೆಂಗಳೂರು ಬ್ಲೂ' ಅಂತೀವಿ.

ಈ ದ್ರಾಕ್ಷಿ ನಿಮಗೆಲ್ಲ ಗೊತ್ತು. ಗಾಂಧಿ ಬಜಾರಲ್ಲಿ, ಮಲ್ಲೇಶ್ವರಂ 8ನೇ ಕ್ರಾಸಲ್ಲಿ ತಳ್ಳುಗಾಡಿ ಮೇಲೆ ರಾಶಿ ಹಾಕಿರ್ತಾರಲ್ಲ, ಕಡುನೀಲಿ, ಮೇಲೆ ಬೂದಿ ಸವರಿದ ಹಾಗೆ ಇರೋದು. ಬಾಯಿಗೆ ಹಾಕಿ ಒತ್ತಿದರೆ ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ಎರಡು ಮೂರು ಬೀಜ. ನಮಗೆ 'ದ್ರಾಕ್ಷಿ ಫ್ಲೇವರ್' ಅಂದ್ರೆ ತಲೆಗೆ ಬರೋದೇ ಈ ವಾಸನೆ.

ಹುಟ್ಟೂರು ಮಾತ್ರ ಬೆಂಗಳೂರಲ್ಲ. ಅಮೆರಿಕದ ಕಾಡುದ್ರಾಕ್ಷಿ ಲಬ್ರುಸ್ಕಾ ಮತ್ತು ಯುರೋಪಿನ ದ್ರಾಕ್ಷಿ ಬೆರೆತು ಆದ ತಳಿ ಇದು. 1816ರ ಹೊತ್ತಿಗೆ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ನರ್ಸರಿ ಇಟ್ಟಿದ್ದ ವಿಲಿಯಂ ಪ್ರಿನ್ಸ್ ಅನ್ನೋರು ಇದನ್ನ ಜನರಿಗೆ ಪರಿಚಯಿಸಿದರು. ಇಸಾಬೆಲ್ಲಾ ಗಿಬ್ಸ್ ಅನ್ನೋ ಮಹಿಳೆಯ ಹೆಸರು ಇಟ್ಟರು. ಹೆಸರು ಸಿಕ್ಕಿದ್ದೂ ಒಂದು ದ್ವೀಪದಲ್ಲೇ, ನೋಡಿ.

ಅಝೋರ್ಸ್‌ಗೆ ಇದು ಹೋಗಿದ್ದು ಕಷ್ಟಕಾಲದಲ್ಲಿ. ಅಲ್ಲಿ ಪೀಕೋ ಅಂತ ಒಂದು ದ್ವೀಪ, ಪೂರ್ತಿ ಜ್ವಾಲಾಮುಖಿಯ ಕಪ್ಪು ಕಲ್ಲು. ಸಮುದ್ರದ ಉಪ್ಪುಗಾಳಿ ತಡೆಯೋಕೆ ಜನ ಅದೇ ಕಲ್ಲನ್ನ ಗಾರೆ ಇಲ್ಲದೆ ಜೋಡಿಸಿ, ಪುಟ್ಟ ಪುಟ್ಟ ಚೌಕದ ಗೋಡೆ ಕಟ್ಟಿ, ಒಳಗೆ ದ್ರಾಕ್ಷಿ ಬೆಳೀತಿದ್ದರು. 2004ರಲ್ಲಿ ಯುನೆಸ್ಕೊ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಅಲ್ಲಿನ ಹೆಸರುವಾಸಿ ತಳಿ ವೆರ್ಡೆಲ್ಯೊ. 1850ರ ದಶಕದಲ್ಲಿ ಬೂದಿ ರೋಗ ಬಂತು, ಬಳ್ಳಿಗಳು ಹೋದವು. ಆಮೇಲೆ ಬೇರು ತಿನ್ನೋ ಫಿಲಾಕ್ಸೆರಾ ಹುಳ. ಆಗ ಜನರ ಕೈ ಹಿಡಿದಿದ್ದು ಈ ಗಟ್ಟಿ ಜೀವದ ಇಸಾಬೆಲ್ಲಾ. ಹಬ್ಬಕ್ಕೆ, ಊಟಕ್ಕೆ, ಪವಿತ್ರಾತ್ಮನ ಉತ್ಸವದಲ್ಲಿ ಊರಿಗೆಲ್ಲ ಹಂಚೋಕೆ, ಎಲ್ಲಕ್ಕೂ ಅದೇ ವೈನ್ ಆಯ್ತು.

ಆದರೆ ಯುರೋಪಿನ ವೈನ್ ಪಂಡಿತರಿಗೆ ಈ ವಾಸನೆ ಆಗಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ 'ಫಾಕ್ಸಿ' ಅಂತಾರೆ, ಅಂದ್ರೆ ನರಿ ವಾಸನೆ. 1934ರ ಕೊನೆಯಲ್ಲಿ ಫ್ರಾನ್ಸ್ ಆರು ತಳಿಗಳನ್ನ ನಿಷೇಧಿಸಿತು, ಅದರಲ್ಲಿ ಇಸಾಬೆಲ್ಲಾನೂ ಒಂದು. ಮೆಥನಾಲ್ ಜಾಸ್ತಿ, ತಲೆ ಕೆಡುತ್ತೆ ಅನ್ನೋ ಮಾತೂ ಹರಡಿತು. ಆದರೆ ಆಗ ಫ್ರಾನ್ಸಿನಲ್ಲಿ ವೈನ್ ಮಿತಿಮೀರಿ ತಯಾರಾಗಿ ಬೆಲೆ ಕುಸಿದಿತ್ತು ಅನ್ನೋದನ್ನೂ ನೆನಪಿಟ್ಕೊಳ್ಳಿ. ನಾನು ಬಿ.ಕಾಂ. ಓದಿದೋನು, ಇಂಥ ಕಡೆ ಮೊದಲು ಕಣ್ಣು ಹೋಗೋದು ಸ್ಟಾಕ್ ಮೇಲೆ. ಯುರೋಪಿಯನ್ ಒಕ್ಕೂಟದ 2013ರ ನಿಯಮದಲ್ಲೂ ಅದೇ ಆರು ಹೆಸರು ಇವೆ.

ಸರಿ, ಈಗ ಬೆಂಗಳೂರಿಗೆ ವಾಪಸ್ ಬರೋಣ. ಇಲ್ಲಿ ಈ ಬಳ್ಳಿ ಬೇರು ಬಿಟ್ಟು ನೂರು ವರ್ಷದ ಮೇಲಾಗಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕಲ್ಲುಕಂಬದ ಚಪ್ಪರದ ಮೇಲೆ ಹಬ್ಬಿಸ್ತಾರೆ. ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಬೆಳೆ. ಯುರೋಪಿನ ರೈತನಿಗೆ ಹೇಳಿದರೆ ನಂಬಲಿಕ್ಕಿಲ್ಲ, ಅಲ್ಲಿ ಒಂದೇ.

ಇದನ್ನ ಓದುವಾಗ ನನಗೆ ನಿಜಕ್ಕೂ ಆಶ್ಚರ್ಯ ಆದ ವಿಷಯ ಒಂದಿದೆ. ಹಾಪ್‌ಕಾಮ್ಸ್ ಗೊತ್ತಲ್ವಾ? ಬಸವನಗುಡಿಯಲ್ಲಿ ಬೆಳೆದ ಯಾರಿಗೆ ಗೊತ್ತಿಲ್ಲ! ಅದು 1959ರಲ್ಲಿ ಶುರುವಾಗಿದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಅದರ ಹಿಂದೆ ಇದ್ದವರು ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರಿಗೌಡರು. ಸೊಪ್ಪು, ಬಾಳೆಹಣ್ಣು, ಬೀನ್ಸ್ ಎಲ್ಲ ಆಮೇಲೆ ಬಂದದ್ದು. ಸಂಘದ ಹೆಸರಲ್ಲಿ ಆವತ್ತೇ 'ಮಾರಾಟ'ದ ಜೊತೆ 'ಸಂಸ್ಕರಣೆ' ಅನ್ನೋ ಪದ ಇತ್ತು. ಹಣ್ಣು ಮಾರಿದರೆ ಒಂದು ದರ, ಅದನ್ನೇ ಬೇರೆ ಪದಾರ್ಥ ಮಾಡಿ ಮಾರಿದರೆ ಇನ್ನೊಂದು ದರ. ಈ ಲೆಕ್ಕ ಆಗಲೇ ಗೊತ್ತಿತ್ತು.

ವೈನ್ ವಿಷಯದಲ್ಲಿ ಆ ಲೆಕ್ಕ ಬೇರೆ ದಾರಿ ಹಿಡೀತು. 80ರ ದಶಕದ ಕೊನೆಗೆ ಕನ್ವಲ್ ಗ್ರೋವರ್ ಅವರು ನಂದಿ ಬೆಟ್ಟದ ತಪ್ಪಲಲ್ಲಿ ತೋಟ ಮಾಡಿದರು, ಶಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಸಲಹೆ ಕೊಟ್ಟರು. ನೆಟ್ಟಿದ್ದು ಫ್ರೆಂಚ್ ತಳಿಗಳನ್ನ. ವೈನ್ ಚೆನ್ನಾಗೇ ಬಂತು, ಹೊರದೇಶಕ್ಕೂ ಹೋಯ್ತು. ಸುತ್ತಮುತ್ತಲ ಹಳ್ಳಿಯ ಬೆಂಗಳೂರು ಬ್ಲೂ ಮಾತ್ರ ಜ್ಯೂಸಿಗೆ, ಜಾಮಿಗೆ, ಅಗ್ಗದ ಸಿಹಿ ವೈನಿಗೆ. ಆ ಸಿಹಿ ವೈನಿನ ಲೇಬಲ್ ಮೇಲೆ ಬಹಳ ಸಲ ಇರೋ ಹೆಸರು ಏನು ಗೊತ್ತಾ? 'ಪೋರ್ಟ್'. ಅದು ಪೋರ್ಚುಗಲ್ಲಿನ ಪೋರ್ಟೊ ಊರಿನ ಹೆಸರು! ದ್ರಾಕ್ಷಿ ನಮ್ಮದು, ಹೆಸರು ಅವರದು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಬೆಂಗಳೂರು ಬ್ಲೂ ಸುಲಭದ ವೈನ್ ದ್ರಾಕ್ಷಿ ಅಲ್ಲ. ಹುಳಿ ಜಾಸ್ತಿ, ಸಕ್ಕರೆ ಕಮ್ಮಿ. ಸಕ್ಕರೆ ಕಮ್ಮಿ ಅಂದ್ರೆ ಆಲ್ಕೋಹಾಲೂ ಕಮ್ಮಿ, ಅದಕ್ಕೇ ಮೇಲಿಂದ ಸಕ್ಕರೆ ಸುರೀತಾರೆ. ನಾನು ಕುಡಿದ ಅಂಗಡಿ ವೈನ್ ನಿಜ ಹೇಳಬೇಕಂದ್ರೆ ಕೆಮ್ಮಿನ ಸಿರಪ್ ಥರ ಇತ್ತು. ಅಕ್ಕ ತಂದದ್ದು ಹಾಗಿರಲಿಲ್ಲ. ತೆಳು, ಹುಳಿ, ಸಿಹಿ ಇಲ್ಲ, ಮೂಗಿನ ಹತ್ತಿರ ಬಂದ ತಕ್ಷಣ ಗಾಂಧಿ ಬಜಾರ್. ಗ್ರೇಟ್ ಅನ್ನಲ್ಲ, ಆದರೆ ಎರಡನೇ ಲೋಟ ಹಾಕ್ಕೊಂಡೆ. ದ್ರಾಕ್ಷಿ ಒಂದೇ, ಸಕ್ಕರೆ ಹಿಂದೆ ವಾಸನೆ ಬಚ್ಚಿಡದೆ ಅವರು ಅದನ್ನೇ ಹೆಸರು ಮಾಡ್ಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ ಕೆಲಸ ನಡೆದಿಲ್ಲ ಅಂತಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ಜೊತೆ ಬ್ಲ್ಯಾಕ್ ಚಂಪಾ ಸೇರಿಸಿ 'ಅರ್ಕಾ ಶ್ಯಾಮ್' ಮಾಡಿತು, 'ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್' ಸೇರಿಸಿ 'ಅರ್ಕಾ ತೃಷ್ಣಾ'. ಎರಡೂ ವೈನಿಗೆ ಆಗುತ್ತವೆ. (ಕಾನ್ವೆಂಟ್ ಲಾರ್ಜ್ ಬ್ಲ್ಯಾಕ್! ದ್ರಾಕ್ಷಿಗೆ ಯಾರಾದ್ರೂ ಇಂಥ ಹೆಸರಿಡ್ತಾರಾ?) 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂತು. ಬೆಂಗಳೂರು ಬ್ಲೂಗೆ ಜಿಐ ಟ್ಯಾಗ್ ಸಹ ಸಿಕ್ಕಿದೆ. ಆದರೆ ಆ ಟ್ಯಾಗ್ ಹಣ್ಣಿಗೆ, ಬಾಟಲಿಗಲ್ಲ. ಹೆಸರು ಕಾಪಾಡುತ್ತೆ, ಬಳ್ಳಿ ಕಾಪಾಡೋದು ರೈತನ ಲೆಕ್ಕ.

ಆ ಲೆಕ್ಕ ಕಷ್ಟದ್ದು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಚಪ್ಪರದ ಜಮೀನು ಸೈಟ್ ಆಗೋಕೆ ಶುರುವಾಯ್ತು. ಬೀಜ ಇಲ್ಲದ ದ್ರಾಕ್ಷಿಗೆ ಸಿಗೋ ರೇಟು ಬೀಜದ ದ್ರಾಕ್ಷಿಗೆ ಸಿಗಲ್ಲ. ಮಕ್ಕಳಿಗೂ ಈಗ ಬೀಜ ಉಗಿಯೋಕೆ ಟೈಮ್ ಇಲ್ಲ. ಜ್ಯೂಸಿನವರು, ಸಿಹಿ ವೈನಿನವರು ಕೇಳಿದ ರೇಟಿಗೆ ಕೊಡೋದೇ ದಾರಿ ಅಂದ್ರೆ ಯಾವ ರೈತ ಎಷ್ಟು ದಿನ ಚಪ್ಪರ ಉಳಿಸಿಕೊಳ್ತಾನೆ? ಪೀಕೋದವರ ಹಾಗೆ ಕಲ್ಲುಗೋಡೆ ತೋರಿಸಿ ಟೂರಿಸ್ಟ್ ಕರೆಯೋಕೆ ನಮ್ಮ ಕಲ್ಲುಕಂಬಗಳೂ ಉಳಿಯಬೇಕಲ್ಲ.

ರೆಕಾರ್ಡಿಂಗ್ ಮುಗಿಸೋ ಹಿಂದಿನ ದಿನ ಗಾಂಧಿ ಬಜಾರಿಂದ ಅರ್ಧ ಕೆಜಿ ಬೆಂಗಳೂರು ಬ್ಲೂ ತಂದೆ. ಅಜ್ಜಿ ಉಪ್ಪುನೀರಲ್ಲಿ ತೊಳೆದು, ಸೋಫಾ ಮೇಲೆ ಕೂತು, ಒಂದೊಂದೇ ಬಾಯಿಗೆ ಹಾಕ್ಕೊಂಡು ಸಿಪ್ಪೆ, ಬೀಜ ತಟ್ಟೆಗೆ ಹಾಕ್ತಿದ್ದರು. "ಆ ದ್ವೀಪದವರು ಸಿಪ್ಪೆ ಏನು ಮಾಡ್ತಾರೋ?" ಅಂತ ಕೇಳಿದರು. ಕೆಂಪು ಬಣ್ಣ ಬರೋದೇ ಸಿಪ್ಪೆಯಿಂದ ಅಜ್ಜಿ, ಅದನ್ನ ರಸದಲ್ಲೇ ಬಿಟ್ಟು ಕೊಳೆಸ್ತಾರೆ ಅಂದೆ. ಅಜ್ಜಿ ತಟ್ಟೆ ನೋಡಿದರು. "ಹಾಗಾದ್ರೆ ಇಷ್ಟು ವರ್ಷ ಒಳ್ಳೇದನ್ನೇ ಎಸೆದ್ವಾ?"