ಟಿವಿ ತಗೋತಿದ್ದೀರಾ? ಇಂಚು ಆಮೇಲೆ, ಮೊದ್ಲು ಸರ್ವಿಸ್ ಕೇಳಿ

ಗದಗ: ಹದಿನೈದು ಸಾವಿರದೊಳಗೆ ಹೊಸ ಟಿವಿ ತರಬೇಕು ಅನ್ನೋರು ಅಂಗಡಿಗೆ ಹೋದ ತಕ್ಷಣ ಕೇಳೋದು ‘ಎಷ್ಟು ಇಂಚು?’ ಅಂತ. ಮೊದಲು ಕೇಳಬೇಕಾದ್ದು ಬೇರೆ. ಕೆಟ್ಟರೆ ರೋಣಕ್ಕೋ ಮುಂಡರಗಿಗೋ ಮೆಕ್ಯಾನಿಕ್ ಮನೆಗೇ ಬರ್ತಾರಾ, ಇಲ್ಲಾ ನಾವೇ ಟಿವಿ ಹೊತ್ಕೊಂಡು ಹುಬ್ಬಳ್ಳಿಗೆ ಹೋಗಬೇಕಾ? ದುಡ್ಡು ಕೊಡೋ ಮುಂಚೆನೇ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮೂರ ಪಿನ್‌ಕೋಡ್ ಹೇಳಿ ವಿಚಾರಿಸಿ.

ಟಿವಿಯಲ್ಲಿ ಅತಿ ದುಬಾರಿ ಭಾಗ ಪ್ಯಾನಲ್. ವಾರಂಟಿ ಮುಗಿದ ಮೇಲೆ ಅದು ಹೋದ್ರೆ, ಬದಲಿಸೋ ಖರ್ಚು ಹೊಸ ಟಿವಿ ರೇಟಿನ ಹತ್ತಿರ ಬರುತ್ತೆ. ಮಕ್ಕಳು ಚೆಂಡು ಎಸೆದು ಪರದೆ ಒಡೆದ್ರೆ ಸಾಮಾನ್ಯವಾಗಿ ವಾರಂಟಿಯೇ ಸಿಗಲ್ಲ. ಪ್ಯಾನಲ್‌ಗೆ ಎಷ್ಟು ವರ್ಷ ಅನ್ನೋದನ್ನ ವಾರಂಟಿ ಕಾರ್ಡಲ್ಲೇ ಓದಿ. ಬಾಯಿಮಾತು ಲೆಕ್ಕಕ್ಕಿಲ್ಲ, ಜಿಎಸ್‌ಟಿ ಬಿಲ್ ಇಲ್ಲದೆ ಹೊರಗೆ ಬರಬೇಡಿ.

ಚಿಕ್ಕ ಹಾಲ್‌ಗೆ 32 ಇಂಚು ಸಾಕು. 43 ಇಂಚಾದ್ರೆ ಫುಲ್ ಎಚ್‌ಡಿಗಿಂತ ಕಮ್ಮಿದು ಬೇಡ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. 32 ಇಂಚಿಗೆ ಮೊದಲೇ ಶೇ 18 ಇತ್ತು. ಹಾಗಾಗಿ 32 ಇಂಚಿನ ಟಿವಿ ತೋರಿಸಿ ‘ಜಿಎಸ್‌ಟಿ ಇಳಿದಿದೆ, ಅದಕ್ಕೇ ಆಫರ್’ ಅಂದ್ರೆ ಸುಮ್ಮನೆ ನಕ್ಕುಬಿಡಿ.

ಸ್ಮಾರ್ಟ್ ಟಿವಿಯಾದ್ರೆ 1 ಜಿಬಿ ರ‍್ಯಾಮ್‌ಗಿಂತ 2 ಜಿಬಿ ವಾಸಿ. ಮನೇಲಿ ಇಂಟರ್ನೆಟ್ಟೇ ಇಲ್ಲ, ಕೇಬಲ್ಲೋ ಡಿಡಿ ಫ್ರೀ ಡಿಶ್ಶೋ ಅಷ್ಟೇ ಅಂದ್ರೆ ಸ್ಮಾರ್ಟ್‌ಗೆ ಕೊಡೋ ದುಡ್ಡು ದಂಡ.

ಟಿವಿ ಮನೆಗೆ ಬಂದಾಗ ತಂದ ಹುಡುಗರ ಎದುರೇ ಬಾಕ್ಸ್ ಬಿಚ್ಚಿಸಿ, ಆನ್ ಮಾಡಿಸಿ, ಪರದೇಲಿ ಗೆರೆ-ಚುಕ್ಕೆ ಇದೆಯಾ ನೋಡಿ. ಆಮೇಲೆ ಸಹಿ ಹಾಕಿ.