ಕಾರ್ಬುರೇಟರ್ ದೊಡ್ಡದಾದರೆ ಓಟವೂ ದೊಡ್ಡದೇ?

ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಉಣಿಸುವುದು ಕಾರ್ಬುರೇಟರ್. 1964ರಲ್ಲಿ ಅಮೆರಿಕದ ಮಸಲ್ ಕಾರು ಪಾಂಟಿಯಾಕ್ ಜಿಟಿಒ ಬಂದಾಗ ಒಂದು ಕಾರ್ಬುರೇಟರಿನ ಮಾದರಿಗೆ 325 ಅಶ್ವಶಕ್ತಿ, ಮೂರಿದ್ದ ‘ಟ್ರೈ-ಪವರ್’ಗೆ 348. ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಹಬ್ಬಿತು.

ಆದರೆ 1967ರ ಜಿಟಿಒಗೆ ಜನರಲ್ ಮೋಟಾರ್ಸ್ ಟ್ರೈ-ಪವರ್ ಕೊಡಲಿಲ್ಲ. ಒಂದೇ ಕ್ವಾಡ್ರಾಜೆಟ್ ಬಂತು. ಎಂಜಿನ್ ತುಸು ಹಿಗ್ಗಿತ್ತು, ನಿಜ; ಆದರೂ ಹಿಂದಿನ ವರ್ಷದ ಟ್ರೈ-ಪವರ್‌ನಷ್ಟೇ, ಅಂದರೆ 360 ಅಶ್ವಶಕ್ತಿ ಸಿಕ್ಕಿತು. ಅದರ ಮುಂದಿನ ಎರಡು ಬಾಯಿ ಚಿಕ್ಕವು, ಊರೊಳಗಿನ ಓಡಾಟಕ್ಕೆ. ಹಿಂದಿನ ಎರಡು ದೊಡ್ಡವು, ಜೋರಾಗಿ ಒತ್ತಿದಾಗ ಮಾತ್ರ ತೆರೆಯುವಂಥವು.

ಹಳೆಯ ಕಾರನ್ನು ರಸ್ತೆಯಲ್ಲಿ ಓಡಿಸುವವರಿಗೆ ಲೆಕ್ಕ ಸುಲಭ. ಎಂಜಿನಿನ ಘನ ಅಂಗುಲವನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 350 ಘನ ಅಂಗುಲ, 5500 ಆರ್‌ಪಿಎಂ ಆದರೆ ನಿಮಿಷಕ್ಕೆ 557 ಘನ ಅಡಿ ಗಾಳಿ. ಸಿಲಿಂಡರ್‌ಗಳು ಸಾಮಾನ್ಯವಾಗಿ ಪೂರ್ತಿ ತುಂಬುವುದಿಲ್ಲ. ಆದ್ದರಿಂದ 600ರ ಕಾರ್ಬುರೇಟರ್ ಧಾರಾಳ. 850 ಹಾಕಿದಿರೋ, ನಿಧಾನ ಓಟದಲ್ಲಿ ಗಾಳಿಯ ವೇಗ ಕುಗ್ಗಿ ಪೆಟ್ರೋಲ್ ಸರಿಯಾಗಿ ಬೆರೆಯದು. ಹಸಿರು ದೀಪ ಬಿದ್ದಾಗ ಕಾರು ಮುಗ್ಗರಿಸುತ್ತದೆ, ಜೇಬೂ ಹಗುರಾಗುತ್ತದೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಿ!